ಸಂಬಳದ ಚೀಟಿಯಲ್ಲಿ ಸಂಸ್ಥಾನದ ಪಾಲು

ತೆರಿಗೆಯ ಮಾತನ್ನು ವಿಜ್ಞಾನದ ಪತ್ರಿಕೆಯಲ್ಲಿ ಎತ್ತುವುದೇತಕ್ಕೆ ಎಂದು ಕೆಲವು ವಾಚಕರು ಕೇಳಬಹುದು. ಅಳೆಯುವುದು, ಹೋಲಿಸುವುದು, ಹೋಲಿಕೆಯಿಂದ ತೀರ್ಮಾನಕ್ಕೆ ಬರುವುದು ವಿಜ್ಞಾನದ ರೀತಿಯಾದರೆ, ದುಡಿಯುವವನ ಕೈಗೆ ಬರುವ ಸಂಬಳವೂ ಆ ರೀತಿಗೆ ಒಳಪಡತಕ್ಕ ವಸ್ತುವೇ ಆಗಿದೆ. ಅದೂ ಅಲ್ಲದೆ, ಈ ವಿಷಯದಲ್ಲಿ ವಿದ್ಯಾವಂತರು ಆಡುವ ತಪ್ಪು ಮಾತುಗಳಿಗೆ ಲೆಕ್ಕವಿಲ್ಲ.

ಅಮೆರಿಕದಲ್ಲಿ ಮಗನೋ ಮಗಳೋ ನೌಕರಿಯಲ್ಲಿರುವ ಮನೆಗಳು ಇಂದು ಕನ್ನಡನಾಡಿನ ಸಣ್ಣ ಊರುಗಳಲ್ಲಿಯೂ ಉಂಟು. “ಟೆಕ್ಸಸ್‌ನಲ್ಲಿ ವರಮಾನ ತೆರಿಗೆಯೇ ಇಲ್ಲ, ಕ್ಯಾಲಿಫೋರ್ನಿಯದಲ್ಲಿ ಸುಲಿಗೆ” ಎಂಬ ಮಾತು ಆ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಮೊದಲನೆಯ ಅರ್ಧವು ಅರೆಸತ್ಯ. ಟೆಕ್ಸಸ್, ಫ್ಲಾರಿಡ, ನೆವಾಡ ಮೊದಲಾದ ಕೆಲವು ಕಡೆ ಸಂಸ್ಥಾನ ಸರ್ಕಾರವು ಸಂಬಳದ ಮೇಲೆ ತೆರಿಗೆ ಹಾಕುವುದಿಲ್ಲ. ಆದರೆ ಒಕ್ಕೂಟ ಸರ್ಕಾರದ ತೆರಿಗೆ ಎಲ್ಲರಿಗೂ ಒಂದೇ. ಎರಡನೆಯ ಅರ್ಧವು ಯಾರ ಸಂಬಳವನ್ನು ಕುರಿತು ಹೇಳಿದ್ದು ಎಂಬುದನ್ನು ಅವಲಂಬಿಸಿದೆ.

ಸಂಸ್ಥಾನಗಳ ಈ ತೆರಿಗೆ ಒಕ್ಕೂಟದ ಇಂದಿನ ವರಮಾನ ತೆರಿಗೆಗಿಂತ ಹಳೆಯದು. ವಿಸ್ಕಾನ್ಸಿನ್ ಸಂಸ್ಥಾನವು 1911ರಲ್ಲಿಯೇ ಇದನ್ನು ಸಮರ್ಪಕವಾಗಿ ಜಾರಿಗೆ ತಂದಿತು. ಒಕ್ಕೂಟಕ್ಕೆ ಅಧಿಕಾರ ದೊರೆತದ್ದು 1913ರ ಸಂವಿಧಾನ ತಿದ್ದುಪಡಿಯಿಂದ. ಬಟವಾಡೆಗೆ ಮೊದಲೇ ತೆರಿಗೆಯನ್ನು ಮುರಿದುಕೊಳ್ಳುವ ಏರ್ಪಾಡು 1943ರಲ್ಲಿ, ಯುದ್ಧದ ಖರ್ಚಿನ ಒತ್ತಡದಲ್ಲಿ, ಹುಟ್ಟಿತು. ಅದನ್ನು ರೂಪಿಸಿದವರಲ್ಲಿ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಒಬ್ಬರು. ಸರ್ಕಾರ ಬೆಳೆಯುವುದನ್ನು ವಿರೋಧಿಸಿದ ಅವರು, ತೆರಿಗೆ ವಸೂಲಿಯನ್ನು ಇಷ್ಟು ಸುಲಭಮಾಡಿದ ಕೆಲಸದಲ್ಲಿ ತಾವು ಕೈಹಾಕಿದುದಕ್ಕೆ ಮುಂದೆ ಪರಿತಪಿಸಿದರು. ನಮಗೆ ಆ ಪರಿತಾಪದಲ್ಲಿ ಪಾಲಿಲ್ಲ. ವರ್ಷದ ಕೊನೆಯಲ್ಲಿ ಒಟ್ಟಿಗೆ ಸಾವಿರಾರು ಡಾಲರು ಹೊಂದಿಸಬೇಕೆಂದರೆ ಕೂಲಿಕಾರನು ಸಾಲಗಾರನ ಬಾಗಿಲಿಗೆ ಹೋಗಬೇಕಾದೀತು. ಆದರೆ ಹೆಚ್ಚಾಗಿ ಮುರಿದುಕೊಂಡ ಹಣ ಮರುವರ್ಷ ಹಿಂದಿರುಗಿದಾಗ ಅದನ್ನು ಸರ್ಕಾರದ ಕೊಡುಗೆಯೆಂದು ಹಿಗ್ಗುವವರನ್ನು ಕಂಡರೆ ನಗು ಬರುತ್ತದೆ. ಅದು ಅವರೇ ಬಡ್ಡಿಯಿಲ್ಲದೆ ಕೊಟ್ಟಿದ್ದ ಸಾಲ!

ಈಗ ಲೆಕ್ಕಕ್ಕೆ ಬರೋಣ. ಕ್ಯಾಲಿಫೋರ್ನಿಯದ ತೆರಿಗೆಯು ಏರುದರದ್ದು. ಶೇಕಡ 1ರಿಂದ ಹೊರಟು 12.3ರವರೆಗೆ ಏರುತ್ತದೆ, ಹತ್ತು ಲಕ್ಷ ಡಾಲರು ದಾಟಿದವರಿಗೆ ಮತ್ತೊಂದು. ಪೆನ್ಸಿಲ್ವೇನಿಯದ ತೆರಿಗೆ ಸಮದರದ್ದು. 2004ರಿಂದ ಎಲ್ಲರಿಗೂ ಶೇಕಡ 3.07. ಈ ಎರಡು ದರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಯಾರಾದರೂ ಪೆನ್ಸಿಲ್ವೇನಿಯವೇ ದುಡಿಯುವವನಿಗೆ ಹಿತವೆನ್ನುವರು.

ವರ್ಷಕ್ಕೆ 60,000 ಡಾಲರು ಸಂಪಾದಿಸುವ ಒಂಟಿ ಕೆಲಸಗಾರನನ್ನು ತೆಗೆದುಕೊಳ್ಳೋಣ. 2024ರ ನಿಯಮಗಳಂತೆ ಕ್ಯಾಲಿಫೋರ್ನಿಯವು ಮೊದಲು 5,540 ಡಾಲರನ್ನು ಲೆಕ್ಕದಿಂದ ಬಿಡುತ್ತದೆ. ಉಳಿದ 54,460 ಡಾಲರಿನಲ್ಲಿ ಮೊದಲ 10,756ಕ್ಕೆ ಶೇಕಡ 1, ಅಲ್ಲಿಂದ 25,499ರವರೆಗೆ 2, ಅಲ್ಲಿಂದ 40,245ರವರೆಗೆ 4, ಮಿಕ್ಕದ್ದಕ್ಕೆ 6. ಕೂಡಿದರೆ 1,845 ಡಾಲರು. ಅದರಲ್ಲಿ 149 ಡಾಲರಿನ ವೈಯಕ್ತಿಕ ರಿಯಾಯಿತಿ ಕಳೆದು 1,696. ಅದೇ ಕೆಲಸಗಾರ ಪೆನ್ಸಿಲ್ವೇನಿಯದಲ್ಲಿದ್ದರೆ 60,000ಕ್ಕೆ ಶೇಕಡ 3.07ರಂತೆ 1,842 ಡಾಲರು ತೆರಬೇಕು. ಸುಲಿಗೆಯ ಸಂಸ್ಥಾನವೇ ಕಡಮೆ ತೆಗೆದುಕೊಂಡಂತಾಯಿತು! ಸಂಬಳ 20,000 ಡಾಲರು ಮಾತ್ರವಾದರೆ ಅಂತರ ಇನ್ನೂ ವಿಚಿತ್ರ: ಕ್ಯಾಲಿಫೋರ್ನಿಯದಲ್ಲಿ ಸುಮಾರು 33, ಪೆನ್ಸಿಲ್ವೇನಿಯದಲ್ಲಿ 614. ಒಂದು ಲಕ್ಷಕ್ಕೆ ಏರಿದರೆ ತಕ್ಕಡಿ ತಿರುಗಿ, ಕ್ಯಾಲಿಫೋರ್ನಿಯದವನು 5,178 ಡಾಲರನ್ನೂ ಪೆನ್ಸಿಲ್ವೇನಿಯದವನು 3,070 ಡಾಲರನ್ನೂ ಕೊಡುತ್ತಾರೆ.

ಲೆಕ್ಕ ಪ್ರಾಮಾಣಿಕವಾಗಬೇಕಾದರೆ ಇನ್ನೆರಡು ಬಾಬುಗಳನ್ನು ಸೇರಿಸಬೇಕು. ಕ್ಯಾಲಿಫೋರ್ನಿಯದಲ್ಲಿ ಅನಾರೋಗ್ಯದ ವಿಮೆಗಾಗಿ ಸಂಬಳದಿಂದ 2024ರಲ್ಲಿ ಶೇಕಡ 1.1 ಮುರಿದುಕೊಂಡರು, 60,000ಕ್ಕೆ 660 ಡಾಲರು. ಅತ್ತ ಫಿಲಡೆಲ್ಫಿಯ ನಗರದ ನಿವಾಸಿಯಿಂದ ನಗರಸಭೆಯು ಬೇರೆಯಾಗಿ ಶೇಕಡ 3.75ರ ಕೂಲಿ ತೆರಿಗೆಯನ್ನು ತೆಗೆದುಕೊಂಡಿತು. ಅದು 2,250 ಡಾಲರು. ಒಬ್ಬನು ಒಟ್ಟು 2,356 ಕೊಟ್ಟರೆ ಇನ್ನೊಬ್ಬನು 4,092 ಕೊಟ್ಟನು. ಒಕ್ಕೂಟದ ವರಮಾನ ತೆರಿಗೆ 5,216 ಡಾಲರು, ಸಾಮಾಜಿಕ ಭದ್ರತೆ ಮತ್ತು ವೃದ್ಧರ ವೈದ್ಯಕೀಯ ವಿಮೆಗಳ ವಂತಿಗೆ 4,590 ಡಾಲರು—ಇವು ಇಬ್ಬರಿಗೂ ಸಮ.

ಏರುದರದ ವಿಚಾರದಲ್ಲಿ ಇನ್ನೊಂದು ಭ್ರಾಂತಿಯುಂಟು. ಸಂಬಳ ಹೆಚ್ಚಿ ಮೇಲಿನ ಹಂತಕ್ಕೆ ಹೋದರೆ ಕೈಗೆ ಬರುವ ಹಣ ಮೊದಲಿಗಿಂತ ಕಡಮೆಯಾಗುವುದೆಂದು ನಂಬಿ, ಬಡ್ತಿಗೂ ಹೆಚ್ಚುಗಂಟೆಯ ಕೆಲಸಕ್ಕೂ ಹಿಂಜರಿಯುವವರುಂಟು. ಮಲೆನಾಡಿನ ಗದ್ದೆಯಲ್ಲಿ ಒಂದು ಮಡಿ ತುಂಬಿದ ಮೇಲೆ ನೀರು ಅಂಚನ್ನು ದಾಟಿ ಮುಂದಿನ ಮಡಿಗೆ ಇಳಿಯುತ್ತದೆ. ಮುಂದಿನ ಮಡಿಗೆ ನೀರು ಬಂದಿತೆಂದು ಹಿಂದಿನ ಮಡಿ ಬತ್ತುವುದಿಲ್ಲ. ಹಂತಗಳೂ ಹಾಗೆಯೇ. ಶೇಕಡ 6ರ ಹಂತದಲ್ಲಿರುವ ನಮ್ಮ ಕೆಲಸಗಾರನು ವಾಸ್ತವವಾಗಿ ತನ್ನ ಸಂಬಳದಲ್ಲಿ ಶೇಕಡ 2.8ರಷ್ಟನ್ನು ಮಾತ್ರ ತೆತ್ತಿದ್ದಾನೆ. ಕೊನೆಯ ಡಾಲರಿನ ದರವೂ ಒಟ್ಟು ಸಂಬಳದ ಸರಾಸರಿ ದರವೂ ಬೇರೆಬೇರೆ.

ಪೆನ್ಸಿಲ್ವೇನಿಯವು ಸಮದರವನ್ನು ಹಿಡಿದಿರುವುದು ಕೇವಲ ಇಷ್ಟದಿಂದಲ್ಲ. ತೆರಿಗೆಗಳು ಏಕರೂಪವಾಗಿರಬೇಕೆಂದು ಅಲ್ಲಿಯ ಸಂವಿಧಾನ ವಿಧಿಸುತ್ತದೆ. 1971ರಲ್ಲಿ ಏರುದರದ ಕಾನೂನನ್ನು ಅಲ್ಲಿಯ ನ್ಯಾಯಾಲಯ ಅದೇ ಕಾರಣದಿಂದ ತಳ್ಳಿಹಾಕಿತು. ಆದರೆ ಅಂಥ ನಿರ್ಬಂಧವಿಲ್ಲದಿದ್ದರೂ ಅರಿಜೋನ 2023ರಲ್ಲಿಯೂ ಅಯೋವ 2025ರಲ್ಲಿಯೂ ಸಮದರಕ್ಕೆ ಇಳಿದವು. ಸರಳತೆಗಾಗಿ ಎಂಬುದು ಅವರು ಕೊಡುವ ಕಾರಣ. ಹಂತಗಳ ಲೆಕ್ಕವನ್ನು ಯಂತ್ರವು ಕ್ಷಣಾರ್ಧದಲ್ಲಿ ಮಾಡಿಬಿಡುವ ಈ ಕಾಲದಲ್ಲಿ ಆ ಕಾರಣ ನಮಗೆ ಒಪ್ಪಿಗೆಯಾಗದು.

ಟೆಕ್ಸಸ್‌ನ ಮಾತು ಉಳಿಯಿತು. ಅಲ್ಲಿ 2019ರಲ್ಲಿ ಮತದಾರರು ವ್ಯಕ್ತಿಗಳ ಮೇಲಣ ವರಮಾನ ತೆರಿಗೆಯನ್ನು ಸಂವಿಧಾನದಲ್ಲಿಯೇ ನಿಷೇಧಿಸಿದರು. ಶಾಲೆ, ರಸ್ತೆಗಳು ಹಣವಿಲ್ಲದೆ ನಡೆಯವಷ್ಟೆ. ಆದುದರಿಂದ ಸರಕುಗಳ ಮೇಲೆ ಶೇಕಡ 8.25ರವರೆಗೆ ಮಾರಾಟ ತೆರಿಗೆಯೂ, ಮನೆಗಳ ಮೇಲೆ ಭಾರಿ ಕಂದಾಯವೂ ಬಿದ್ದಿವೆ. ಮಾರಾಟ ತೆರಿಗೆ ಕ್ಯಾಲಿಫೋರ್ನಿಯದಲ್ಲಿಯೂ ಕಡಮೆಯೇನಲ್ಲ. ಆದರೆ ಸಂಬಳದ ಚೀಟಿಯಲ್ಲಿ ಕಾಣದ ತೆರಿಗೆ ಇಲ್ಲವೆಂದು ಭಾವಿಸುವುದು ಸರಿಯಲ್ಲ. ಬಾಡಿಗೆಯ ಮನೆಯವನು ಒಡೆಯನ ಕಂದಾಯದ ಪಾಲನ್ನು ಬಾಡಿಗೆಯಲ್ಲಿಯೇ ಕೊಡುತ್ತಿರಬಹುದು. ಬಂದದ್ದೆಲ್ಲ ಖರ್ಚಾಗುವ ಬಡವನಿಗೆ ಮಾರಾಟ ತೆರಿಗೆ ಸಂಬಳದ ಹೆಚ್ಚು ಭಾಗವನ್ನು ಮುಟ್ಟುತ್ತದೆ. ಉಳಿಸಬಲ್ಲ ಧನಿಕನಿಗೆ ಸ್ವಲ್ಪವೇ.

ನಮ್ಮ ದೇಶದಲ್ಲಿ ಕೃಷಿಯ ಹೊರತಾದ ವರಮಾನದ ತೆರಿಗೆ ಕೇಂದ್ರದ್ದು. ಆದರೂ ರಾಜ್ಯವು ಸಂಬಳವನ್ನು ಮುಟ್ಟುವ ಒಂದು ಸಣ್ಣ ಬಾಗಿಲನ್ನು ಸಂವಿಧಾನದ 276ನೆಯ ಅನುಚ್ಛೇದ ತೆರೆದಿಟ್ಟಿದೆ. ಅದೇ ವೃತ್ತಿ ತೆರಿಗೆ. ಕರ್ನಾಟಕದಲ್ಲಿ 1976ರ ಅಧಿನಿಯಮದಂತೆ ಇದು ನಡೆಯುತ್ತದೆ. 2023ರಿಂದ ತಿಂಗಳ ಸಂಬಳ 25,000 ರೂಪಾಯಿ ಮುಟ್ಟಿದವರೆಲ್ಲರೂ 200 ರೂಪಾಯಿ ಕೊಡಬೇಕು. 2025ರ ತಿದ್ದುಪಡಿಯಿಂದ ಫೆಬ್ರವರಿಯಲ್ಲಿ 300. ವರ್ಷಕ್ಕೆ 2,500, ಸಂವಿಧಾನದ ಮಿತಿಯೂ ಅಷ್ಟೇ.

ಇಲ್ಲಿ ಗದ್ದೆಯ ಮಡಿಗಳಿಲ್ಲ, ಒಂದೇ ಗೋಡೆ. 24,999 ರೂಪಾಯಿ ಪಡೆಯುವ ಗಾರ್ಮೆಂಟ್ ಕಾರ್ಖಾನೆಯ ಮೇಲ್ವಿಚಾರಕಿಗೆ ಒಂದು ರೂಪಾಯಿ ಹೆಚ್ಚಿಸಿದರೆ ಅವಳ ಕೈಗೆ 199 ರೂಪಾಯಿ ಕಡಮೆ ಬರುತ್ತದೆ. ಅಮೆರಿಕದಲ್ಲಿ ಭ್ರಾಂತಿಯಾಗಿರುವುದು ಇಲ್ಲಿ ನಿಜ! ಅವಳಿಗೆ ಈ ತೆರಿಗೆ ಸಂಬಳದ ಶೇಕಡ 0.8, ತಿಂಗಳಿಗೆ ಐದು ಲಕ್ಷ ಪಡೆಯುವ ಅಧಿಕಾರಿಗೆ ಶೇಕಡ 0.04. ಮೊತ್ತ ಅಲ್ಪವೆಂದು ಉಪೇಕ್ಷಿಸುವವರು ಇನ್ನೂರು ರೂಪಾಯಿಗೆ ಅವಳ ಮನೆಯಲ್ಲಿರುವ ಬೆಲೆಯನ್ನು ನೆನೆಯಬೇಕು.

ಮಿತಿಯೊಳಗೇ ಇದನ್ನು ಸರಿಪಡಿಸಬಹುದೆಂದು ನಮ್ಮ ಅಭಿಪ್ರಾಯ. 25,000ದ ಮೇಲಿನ ಹಣಕ್ಕೆ ಮಾತ್ರ ನೂರಕ್ಕೆ ಒಂದರಂತೆ ಹಿಡಿದರೆ 30,000 ಪಡೆಯುವವನು 50 ರೂಪಾಯಿ ಕೊಡುತ್ತಾನೆ. 45,000ಕ್ಕೆ 200 ತಲುಪಿ ಅಲ್ಲಿಗೆ ನಿಲ್ಲುತ್ತದೆ. ಬೊಕ್ಕಸಕ್ಕೆ ಇದರಿಂದ ಸ್ವಲ್ಪ ನಷ್ಟವುಂಟು. ಅದನ್ನು ಮೇಲಿನವರಿಂದ ತುಂಬಿಕೊಳ್ಳಬೇಕಾದರೆ, 1988ರಲ್ಲಿ 250ರಿಂದ 2,500ಕ್ಕೆ ಏರಿಸಿ ಆಮೇಲೆ ಮುಟ್ಟದೆ ಬಿಟ್ಟಿರುವ ಮಿತಿಯನ್ನು ಸಂಸತ್ತು ಮತ್ತೆ ಎತ್ತಬೇಕಾಗುತ್ತದೆ. ಮೊದಲನೆಯ ಕೆಲಸಕ್ಕಾದರೋ ವಿಧಾನಸಭೆ ದೆಹಲಿಯ ಕಡೆ ನೋಡಬೇಕಾಗಿಲ್ಲ.