ಪದವಿ ಮುಗಿದ ಮೇಲೂ ಬೆಂಚು
ಮೈಸೂರಿನ ಹೆಬ್ಬಾಳದಲ್ಲಿ ಇನ್ಫೋಸಿಸ್‌ ತರಬೇತಿ ಕೇಂದ್ರವಿದೆ. ಪದವಿ ಮುಗಿಸಿ ಕೆಲಸಕ್ಕೆ ಸೇರಿದವರನ್ನು ತಿಂಗಳುಗಟ್ಟಲೆ ಮತ್ತೆ ಬೆಂಚಿನ ಮೇಲೆ ಕೂರಿಸುವ ಜಾಗ. ಹಾಗಾದರೆ ಕಾಲೇಜು ನಾಲ್ಕು ವರ್ಷ ಮಾಡಿದ್ದೇನು? ಅದಕ್ಕೇ ಇರಬೇಕು, ಕಂಪನಿ 2004ರಲ್ಲೇ ‘ಕ್ಯಾಂಪಸ್ ಕನೆಕ್ಟ್’ ಎಂಬ ಕಾರ್ಯಕ್ರಮ ಹಿಡಿದುಕೊಂಡು ಎಂಜಿನಿಯರಿಂಗ್ ಕಾಲೇಜುಗಳ ಬಾಗಿಲಿಗೆ ಹೋಯಿತು. ಒಳ್ಳೆಯದೇ. ಆದರೆ ತರಗತಿಯಾಚೆಯ ಕಲಿಕೆಯೆಂದರೆ ಕೋಡಿಂಗ್ ಒಂದೆಯೆ? ಅದೇ ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನ ಕಲಿಸುವ ಸಿಪೆಟ್ ಇದೆ, ಊರೊಳಗೆ ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ನಾಟಕಸಂಸ್ಥೆ ರಂಗಾಯಣವಿದೆ. ಬಿ.ಕಾಂ. ಹುಡುಗಿ ಸಂಜೆ ನಾಟಕದ ತಾಲೀಮಿಗೆ ಹೊರಟರೆ ಮಾತ್ರ ಮನೆಯಲ್ಲಿ ‘ಅದರಿಂದ ಮಾರ್ಕ್ಸ್ ಬರುತ್ತಾ?’ ಎಂಬ ಪ್ರಶ್ನೆ. ಈಗ ಇಂಟರ್ನ್‌ಶಿಪ್ಪಿಗೂ ಕ್ರೆಡಿಟ್ ಸಿಗುತ್ತದೆ (ಸ್ಪೈರಲ್ ಬೈಂಡಿಂಗ್‌ನಲ್ಲೇ ಅದನ್ನು ಮುಗಿಸುವ ಜಾಣರೂ ಇದ್ದಾರೆನ್ನಿ). ಕಾಲೇಜುಗಳು ಶನಿವಾರದ ಮಧ್ಯಾಹ್ನವನ್ನಾದರೂ ಖಾಲಿ ಬಿಟ್ಟು ಮಕ್ಕಳನ್ನು ಸಿಟಿ ಬಸ್ ಹತ್ತಿಸಲಿ.