ಎರೆನೆಲದ ಹಾದಿಯಲ್ಲಿ ಓಟದ ಕಾರು

ಬೀದರದವರಿಗೆ ವೇಗವೆಂಬುದು ಹೊಸ ಸಂಗತಿಯಲ್ಲ. ಆಕಾಶದಲ್ಲಿ ಸದ್ದಾಯಿತೆಂದರೆ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿರುವ ಮುದುಕಿಯೂ ಮೊರವನ್ನು ತೊಡೆಯ ಮೇಲಿಟ್ಟು ಒಮ್ಮೆ ತಲೆಯೆತ್ತಿ ನೋಡುವುದುಂಟು. ವಾಯುಪಡೆಯ ತರುಣರು ವಿಮಾನ ನಡೆಸುವುದನ್ನು ಕಲಿಯುವ ಊರು ಅದು; ದೇಶವೆಲ್ಲ ಬೆರಗಿನಿಂದ ನೋಡುವ ಸೂರ್ಯಕಿರಣ ತಂಡವು 1996ರಲ್ಲಿ ರೂಪುಗೊಂಡದ್ದೂ ಅಲ್ಲಿಯ ನೆಲೆಯಲ್ಲಿಯೇ. ಇಂಥ ಆಕಾಶದ ಕೆಳಗೆ ಬೆಳೆದ ಹುಡುಗನು ಮುಂದೆ ಕಾರು ಕೊಳ್ಳುವ ಹೊತ್ತಿಗೆ ‘ಲೀಟರಿಗೆ ಎಷ್ಟು ಓಡುತ್ತದೆ?’ ಎಂಬ ಒಂದೇ ಪ್ರಶ್ನೆಗೆ ತೃಪ್ತನಾಗದಿದ್ದರೆ ಅದನ್ನು ಅವನೊಬ್ಬನ ಅಪರಾಧವೆನ್ನಲಾಗದು.

ಊಹೆಗೆಂದು ಒಂದು ಮನೆಯನ್ನು ತೆಗೆದುಕೊಳ್ಳೋಣ. ಚೌಬಾರದಿಂದ ಅಷ್ಟೇನೂ ದೂರವಿಲ್ಲದ ಓಣಿ. ತಂದೆ ಪ್ರೌಢಶಾಲೆಯ ಶಿಕ್ಷಕರು, ನಿವೃತ್ತಿಗೆ ಇನ್ನೆರಡು ವರ್ಷ. ಮಗ ಇಂಜಿನಿಯರಿಂಗ್ ಮುಗಿಸಿ ಹೈದರಾಬಾದಿನಲ್ಲಿ ನೌಕರಿಯಲ್ಲಿದ್ದಾನೆ; ಶನಿವಾರ ರಾತ್ರಿ ಊರಿಗೆ ಬರುತ್ತಾನೆ. ತಾಯಿಯ ತವರು ಭಾಲ್ಕಿಯ ಕಡೆಯ ಹಳ್ಳಿ. ಮಗಳನ್ನು ಕೊಟ್ಟದ್ದು ಔರಾದಿಗೆ. ಕೈಯಲ್ಲಿ ಹತ್ತು ಲಕ್ಷದ ಆಚೀಚೆ ಹಣವಿದೆ. ಮಗ ದೂರವಾಣಿಯ ತೆರೆಯ ಮೇಲೆ ಕೆಂಪುಗೀಟಿನ ಕಾರೊಂದನ್ನು ತೋರಿಸುತ್ತಾನೆ.

“ಅಪ್ಪಾ, ಇದು ಹತ್ತು ಸೆಕೆಂಡಿನೊಳಗ ನೂರಕ್ಕ ಹೋಗ್ತದ ನೋಡ್ರಿ.”

“ನೂರಕ್ಕ ಹೋಗಿ ಮುಂದ ಎಲ್ಲಿಗಿ ಹೋಗ್ತದ?”

ಒಳಗಿನಿಂದ ಅವ್ವನ ದನಿ: “ಹಿಂದ ಕೂಡೋರ ಸೊಂಟ ಏನಾಗ್ತದ, ಅದೂ ಬರದಾರೇನು ಕೇಳು.”

ಮೂವರ ಮಾತಿನಲ್ಲಿಯೂ ಹುರುಳಿದೆ. ಓಟದ ಗುಣವುಳ್ಳ ಪುಟ್ಟ ಕಾರುಗಳನ್ನು ಕುರಿತು ಪುಟಗಟ್ಟಲೆ ಬರೆಯುವ ತಜ್ಞರು ಬಹುಶಃ ಮಗನ ಪ್ರಶ್ನೆಗಷ್ಟೇ ಉತ್ತರ ಹೇಳಿ ಸುಮ್ಮನಾಗುತ್ತಾರೆ.

ಹಿಂದಿನ ಗಾಜಿನೊಡನೆ ಬಾಗಿಲೇ ಮೇಲಕ್ಕೇಳುವ ಕಾರಿಗೆ ಹ್ಯಾಚ್‌ಬ್ಯಾಕ್ ಎಂದು ಹೆಸರು. ಸಂತೆಯ ಚೀಲ, ಮಕ್ಕಳ ತಳ್ಳುಬಂಡಿ, ಮದುವೆಯ ಸಾಮಾನು ಇವುಗಳಿಗಾಗಿ ಹುಟ್ಟಿದ ವಾಹನವಿದು. ಇದಕ್ಕೆ ಓಟದ ಚಟ ಹತ್ತಿಸಿದವರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆ ಪ್ರಮುಖವಾದುದು. 1976ರಲ್ಲಿ ಅದು ತನ್ನ ಸಂಸಾರವಂದಿಗ ಗಾಲ್ಫ್ ಕಾರಿಗೆ 110 ಅಶ್ವಶಕ್ತಿಯ ಯಂತ್ರವನ್ನು ಜೋಡಿಸಿ ‘ಜಿಟಿಐ’ ಎಂದು ಕರೆಯಿತು. ನಿಂತಲ್ಲಿಂದ ನೂರು ಕಿಲೋಮೀಟರಿನ ವೇಗಕ್ಕೆ ಒಂಬತ್ತು ಸೆಕೆಂಡು. ಐದು ಸಾವಿರ ಕಾರು ಮಾಡಿದರೆ ಸಾಕೆಂದು ಅಂದಾಜು ಹಾಕಿದ್ದರು; ಆ ಮೊದಲ ಪೀಳಿಗೆಯೊಂದೇ ನಾಲ್ಕೂವರೆ ಲಕ್ಷಕ್ಕೂ ಮೇಲೆ ಮಾರಾಟವಾಯಿತು. ಅಲ್ಲಿಯ ಗೃಹಸ್ಥರು ವಾರದ ದಿನಗಳಲ್ಲಿ ಅದರಲ್ಲಿ ಮಕ್ಕಳನ್ನು ಶಾಲೆಗೆ ಬಿಟ್ಟು, ಭಾನುವಾರ ಗುಡ್ಡದ ಹಾದಿ ಹಿಡಿಯುತ್ತಿದ್ದರು. ಅದೇ ವಂಶದ ಕುಡಿ 265 ಅಶ್ವಶಕ್ತಿ ಹೊತ್ತು 2025ರಲ್ಲಿ ಭಾರತಕ್ಕೂ ಬಂತು. ಬೆಲೆ ಐವತ್ತಮೂರು ಲಕ್ಷದ ಹತ್ತಿರ. ಶಿಕ್ಷಕರ ಮನೆಗೂ ಅದಕ್ಕೂ ಸಂಬಂಧವಿಲ್ಲವಾದ್ದರಿಂದ ಅದನ್ನು ಅಲ್ಲಿಗೇ ಬಿಡಬಹುದು.

ಭಾರತದ ಓಟದ ಕಾರಿನ ಗಾತ್ರವನ್ನು ನಿರ್ಧರಿಸಿದವರು ಇಂಜಿನಿಯರರಲ್ಲ, ಅರ್ಥಸಚಿವರು! 2006ರ ಮುಂಗಡಪತ್ರವು ನಾಲ್ಕು ಮೀಟರಿಗಿಂತ ಉದ್ದವಿಲ್ಲದ, ಪೆಟ್ರೋಲ್ ಯಂತ್ರವು 1200 ಸಿ.ಸಿ. ಮೀರದ ಕಾರಿಗೆ ಅಬಕಾರಿ ಸುಂಕವನ್ನು ಇಳಿಸಿತು. ಅಂದಿನಿಂದ ಆ ಗೆರೆ ಲಕ್ಷ್ಮಣರೇಖೆಯಂತೆ ನಿಂತಿದೆ. 2025ರ ಸೆಪ್ಟೆಂಬರಿನಲ್ಲಿ ಜಿ.ಎಸ್.ಟಿ. ದರಗಳನ್ನು ತಿದ್ದಿ ಚಿಕ್ಕ ಕಾರಿಗೆ ಶೇಕಡ 18, ದೊಡ್ಡದಕ್ಕೆ 40 ಎಂದಾಗಲೂ ಅದೇ ಗೆರೆ. ರೇಖೆ ದಾಟದೆ ಬಲ ಹೆಚ್ಚಿಸುವುದು ಹೇಗೆ? ಅದಕ್ಕೆ ಒದಗಿದ ಉಪಾಯವೇ ಟರ್ಬೊ. ಯಂತ್ರ ಹೊರಕ್ಕುಗುಳುವ ಹೊಗೆಯ ರಭಸದಿಂದಲೇ ಪುಟ್ಟ ಗಾಲಿಯೊಂದನ್ನು ತಿರುಗಿಸಿ, ಅದರಿಂದ ಹೆಚ್ಚು ಗಾಳಿಯನ್ನು ಸಿಲಿಂಡರಿನೊಳಗೆ ಒತ್ತಿ ತುಂಬುವ ಯುಕ್ತಿ ಅದು. ಹೆಚ್ಚು ಗಾಳಿಗೆ ಹೆಚ್ಚು ಪೆಟ್ರೋಲು, ಹೆಚ್ಚು ಪೆಟ್ರೋಲಿಗೆ ಹೆಚ್ಚು ಬಲ.

ಈ ದಾರಿಯಲ್ಲಿ ಬಂದವುಗಳ ಸಾಲು ಸ್ವಾರಸ್ಯವಾಗಿದೆ. 2013ರಲ್ಲಿ ಪೋಲೋ ಜಿಟಿ ಟಿಎಸ್‌ಐ ಬಂತು: 1.2 ಲೀಟರಿನ ಯಂತ್ರ, 105 ಅಶ್ವಶಕ್ತಿ, ಕ್ಲಚ್ ಪೆಡಲಿಲ್ಲದ ಏಳು ಗೇರು. ರಾಷ್ಟ್ರೀಯ ರ್ಯಾಲಿಗಳಲ್ಲಿ ಬೆಂಗಳೂರಿನ ಕರ್ಣ ಕಡೂರ್ ಮೊದಲಾದವರು ಪೋಲೋ ಓಡಿಸಿ ಹೆಸರಾದುದರಿಂದ ತರುಣರಲ್ಲಿ ಅದಕ್ಕೊಂದು ವರ್ಚಸ್ಸೇ ಬಂತು. 2015ರಲ್ಲಿ ಫಿಯೆಟ್ ಸಂಸ್ಥೆ ಚೇಳಿನ ಲಾಂಛನದ ಅಬಾರ್ತ್ ಪುಂಟೊವನ್ನು ತಂದಿತು. 145 ಅಶ್ವಶಕ್ತಿ, ನೂರಕ್ಕೆ 8.8 ಸೆಕೆಂಡೆಂದು ನಿರ್ಮಾಪಕರ ಮಾತು. ಬೆಲೆ ಹತ್ತು ಲಕ್ಷಕ್ಕೆ ಐದು ಸಾವಿರ ಕಡಮೆ. ಯಂತ್ರ 1368 ಸಿ.ಸಿ. ಆದುದರಿಂದ ತೆರಿಗೆಯ ರಿಯಾಯಿತಿಯನ್ನು ಲೆಕ್ಕಿಸದೆ ಗೆರೆ ದಾಟಿದ ಧೀರ ಅದು. 2017ರ ಬಲೆನೊ ಆರ್‌ಎಸ್ 102 ಅಶ್ವಶಕ್ತಿಯದೇ ಆದರೂ ಮೈತೂಕ ಬರಿ 950 ಕಿಲೋ. 2018ರಲ್ಲಿ ಟಾಟಾದವರು ಕೊಯಮುತ್ತೂರಿನ ಜಯೆಂ ಸಂಸ್ಥೆಯ ಕೈಜೋಡಿಸಿ ಟಿಯಾಗೋ ಜೆಟಿಪಿಯನ್ನು 6 ಲಕ್ಷ 39 ಸಾವಿರಕ್ಕೆ ಕೊಟ್ಟರು. ಬಡವರ ಪಾಲಿನ ಪಂಚಕಲ್ಯಾಣಿ ಎನ್ನಬೇಕು ಅದನ್ನು. ಇವಿಷ್ಟೂ ಇಂದು ಹೊಸದಾಗಿ ದೊರೆಯುವುದಿಲ್ಲ. ಪತ್ರಿಕೆಗಳು ಹೊಗಳಿದವು, ತರುಣರು ಚಪ್ಪಾಳೆ ತಟ್ಟಿದರು, ಅಪ್ಪಂದಿರು ಮಾತ್ರ ಹಣ ಕೊಡಲಿಲ್ಲ. ಆಮೇಲೆ ಬಂದವು ಎರಡು: 2021ರ ಹ್ಯುಂಡೈ ಐ20 ಎನ್ ಲೈನ್, 2024ರ ಟಾಟಾ ಆಲ್ಟ್ರೋಜ್ ರೇಸರ್. ಎರಡಕ್ಕೂ 120 ಅಶ್ವಶಕ್ತಿ. ಪ್ರವೇಶದ ಬೆಲೆ ಎರಡರದೂ ಒಂಬತ್ತೂವರೆಯಿಂದ ಹತ್ತು ಲಕ್ಷದೊಳಗೆ. ನಮ್ಮ ಮನೆಯ ಮಗ ತೋರಿಸಿದ ಕೆಂಪುಗೀಟಿನದು ಇವುಗಳಲ್ಲಿ ಮೊದಲನೆಯದು.

ಈಗ ತಂದೆಯ ಪ್ರಶ್ನೆ. ನೂರಕ್ಕೆ ಹೋಗಿ ಎಲ್ಲಿಗೆ?

ಬೀದರದಿಂದ ಭಾಲ್ಕಿಗೆ ಸುಮಾರು ನಲವತ್ತು ಕಿಲೋಮೀಟರು. ಅರವತ್ತರ ಸರಾಸರಿಯಲ್ಲಿ ನಲವತ್ತು ನಿಮಿಷ, ಎಂಬತ್ತರಲ್ಲಿ ಮೂವತ್ತು. ಜೀವವನ್ನು ಅಂಗೈಯಲ್ಲಿ ಹಿಡಿದು ಓಡಿಸಿದರೆ ಉಳಿಯುವುದು ಹತ್ತು ನಿಮಿಷ, ಅಂದರೆ ತವರಿನಲ್ಲಿ ಒಂದು ಕಪ್ಪು ಚಹ ಆರುವಷ್ಟು ಹೊತ್ತು. ಆದುದರಿಂದ ಹತ್ತು ಸೆಕೆಂಡಿನ ಲೆಕ್ಕ ಮಾರುವವರ ಜಾಹೀರಾತಿಗೆ ಎಷ್ಟು ಉಪಯುಕ್ತವೋ ಕೊಳ್ಳುವವರಿಗೆ ಅಷ್ಟೇ ನಿರುಪಯುಕ್ತ.

ಹಾಗೆಂದು ಬಲವೇ ಬೇಡವೆ? ಇಲ್ಲಿ ಮಗನ ಪಕ್ಷವನ್ನೂ ಹೇಳಬೇಕು. ಕಬ್ಬಿನ ಹಂಗಾಮಿನಲ್ಲಿ ಭಾಲ್ಕಿ, ಹುಮನಾಬಾದಿನ ಕಡೆ ಹೋದವರಿಗೆ ಗೊತ್ತು: ಮುಂದೆ ಒಂದು ಟ್ರ್ಯಾಕ್ಟರು, ಅದರ ಹಿಂದೆ ಎರಡು ಟ್ರೇಲರು, ಅವುಗಳ ಮೇಲೆ ಮನೆಯೆತ್ತರದ ಕಬ್ಬು. ಎದುರಿನಿಂದ ಬಸ್ಸು ಬರುವುದರೊಳಗೆ ಅದನ್ನು ದಾಟಬೇಕು. ಆಗ ಬೇಕಾದುದು ನಿಂತಲ್ಲಿಂದ ನೂರಕ್ಕೆ ಜಿಗಿಯುವ ಶಕ್ತಿಯಲ್ಲ. ಮೂವತ್ತರಿಂದ ಎಪ್ಪತ್ತಕ್ಕೆ ತಡವರಿಸದೆ ಏರುವ ಶಕ್ತಿ. ಯಂತ್ರದ ಈ ಎಳೆತಕ್ಕೆ ಟಾರ್ಕ್ ಎನ್ನುತ್ತಾರೆ. 2024ರ ಸಾಧಾರಣ ಸ್ವಿಫ್ಟಿನ ಯಂತ್ರವು 112 ಎನ್‌ಎಂ ಟಾರ್ಕನ್ನು ಪೂರ್ತಿ ಕೊಡುವುದು ನಿಮಿಷಕ್ಕೆ 4300 ಸುತ್ತು ತಿರುಗಿದಾಗ. ಅಲ್ಲಿಯವರೆಗೆ ಗೇರು ಇಳಿಸಿ ಅದನ್ನು ಅರಚಿಸಬೇಕು. ಎನ್ ಲೈನಿನ ಟರ್ಬೊ ಯಂತ್ರ 172ನ್ನು 1500 ಸುತ್ತಿಗೇ ಕೊಡುತ್ತದೆ. ರೇಸರಿನದು 170ನ್ನು 1750ಕ್ಕೆ. ಕಾಲು ಒತ್ತಿದರೆ ಸಾಕು, ಟ್ರ್ಯಾಕ್ಟರು ಹಿಂದಾಯಿತು. ಎದುರಿನ ಪಥದಲ್ಲಿ ಕಳೆಯುವ ಕ್ಷಣಗಳು ಕಡಮೆಯಾದಷ್ಟೂ ಕ್ಷೇಮವಲ್ಲವೆ? ಶಿಕ್ಷಕರು ಈ ಒಂದು ಮಾತನ್ನು ಒಪ್ಪಿಕೊಂಡರೆ ಮಗ ಅರ್ಧ ಗೆದ್ದಂತೆ.

ಉಳಿದರ್ಧ ಅವ್ವನ ಕೈಯಲ್ಲಿದೆ. ಅವಳ ಪ್ರಶ್ನೆಯೇ ಎಲ್ಲಕ್ಕಿಂತ ಕಠಿಣವಾದುದು. ಬೀದರ ಪಟ್ಟಣ ನಿಂತಿರುವುದು ಮುರಕಲ್ಲಿನ ಕೆಂಪು ದಿಣ್ಣೆಯ ಮೇಲೆ. ಆ ದಿಣ್ಣೆ ಇಳಿದು ಭಾಲ್ಕಿ, ಔರಾದಿನ ಕಡೆ ಹೊರಟರೆ ನೆಲ ಕಪ್ಪಾಗುತ್ತದೆ. ತೊಗರಿ, ಉದ್ದು, ಜೋಳಗಳಿಗೆ ತಾಯಿಯಂಥ ಈ ಎರೆಮಣ್ಣು ರಸ್ತೆಗೆ ಮಾತ್ರ ಮಲತಾಯಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಎಷ್ಟು ಹೊಸದಾದರೂ, ಅಡಿಪಾಯ ಗಟ್ಟಿಯಿಲ್ಲದಿದ್ದರೆ ಕೆಲವು ಮಳೆಗಾಲಗಳಲ್ಲಿ ಅಲೆಯಲೆಯಾಗಿ ಏಳುತ್ತದೆ. ಗುಂಡಿಯಾದರೆ ಕಣ್ಣಿಗೆ ಬೀಳುತ್ತದೆ. ಈ ಅಲೆ ಕಾಣುವುದಿಲ್ಲ, ಸೊಂಟಕ್ಕೇ ತಿಳಿಯುತ್ತದೆ.

ಓಟದ ಕಾರಿನ ಧರ್ಮ ಇದಕ್ಕೆ ವಿರುದ್ಧವಾದುದು. ತಿರುವಿನಲ್ಲಿ ಮೈ ವಾಲಬಾರದೆಂದು ಅದರ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳನ್ನು ಬಿಗಿ ಮಾಡಿರುತ್ತಾರೆ. ಹೊಟ್ಟೆಯನ್ನು ನೆಲಕ್ಕೆ ಸಮೀಪವಾಗಿಸುತ್ತಾರೆ. ಅಬಾರ್ತಿನ ತಳಕ್ಕೂ ನೆಲಕ್ಕೂ ಅಂತರ 155 ಮಿಲಿಮೀಟರು. ಐವರು ಕುಳಿತು, ಹಿಂದೆ ತವರಿನ ಬೇಳೆಯ ಚೀಲ ಬಿದ್ದರೆ ಅದು ಇನ್ನಷ್ಟು ಕುಗ್ಗುತ್ತದೆ. ಟೈರಿನದೂ ಒಂದು ಕಥೆ. ಎನ್ ಲೈನಿನ 195/55 ಅಳತೆಯ ಟೈರಿನ ಪಕ್ಕೆಯೆತ್ತರ, ಅಗಲದ ಶೇಕಡ 55, ಅಂದರೆ ಸುಮಾರು 107 ಮಿಲಿಮೀಟರು. ರೇಸರಿನ 185/60ರದು 111. ಸಾಧಾರಣ 175/65ರದು 114. ಏಳೇ ಮಿಲಿಮೀಟರಿನ ವ್ಯತ್ಯಾಸವೆಂದು ನಗುವವರು ಹಳ್ಳಿಯ ಸೇತುವೆಯ ಅಂಚನ್ನು ಎಪ್ಪತ್ತರ ವೇಗದಲ್ಲಿ ಹತ್ತಿಸಿ, ಬಾಗಿದ ಅಲಾಯ್ ಚಕ್ರದ ಬೆಲೆ ವಿಚಾರಿಸಬೇಕು. ಎನ್ ಲೈನು ಸಾಮಾನ್ಯ ಐ20ಗಿಂತ ಬಿಗಿಯಾದುದು. ಹೈದರಾಬಾದಿನ ಹೆದ್ದಾರಿಯಲ್ಲಿ ಆ ಬಿಗಿಯೇ ಸುಖ, ಔರಾದಿನ ಹಾದಿಯಲ್ಲಿ ಅದೇ ಶಿಕ್ಷೆ. ಈ ಒಂದು ವಿಷಯದಲ್ಲಿ ಆಲ್ಟ್ರೋಜಿಗೆ ಹೆಚ್ಚು ಅಂಕ ಕೊಡಬೇಕು. ಅದರ ಬಾಗಿಲುಗಳು ತೊಂಬತ್ತು ಡಿಗ್ರಿಗೆ ಪೂರ್ತಿ ತೆರೆಯುವುದರಿಂದ ಮಂಡಿನೋವಿನ ಅಜ್ಜಿ ಸೀರೆ ಎತ್ತಿ ಹಿಡಿದು ಹತ್ತುವ ಕಷ್ಟವೂ ಕಡಮೆ. ಸಾಮಾನಿನ ಜಾಗ ಅದರಲ್ಲಿ 345 ಲೀಟರು, ಐ20ಯಲ್ಲಿ 311. ಹಳೆಯ ಪೋಲೋದಲ್ಲಿ 280 ಮಾತ್ರ. ಹಿಂದೆ ಕುಳಿತವರ ಮೊಣಕಾಲಿಗೂ ಅಲ್ಲಿ ಜಾಗವಿಲ್ಲ.

ಬ್ರೇಕಿನಲ್ಲಿ ಲೆಕ್ಕ ತಿರುಗುತ್ತದೆ. ಎನ್ ಲೈನಿಗೆ ನಾಲ್ಕು ಚಕ್ರಗಳಿಗೂ ಡಿಸ್ಕ್. ರೇಸರಿಗೆ ಹಿಂದೆ ಡ್ರಮ್. ಓಟದ ಹೆಸರಿಟ್ಟುಕೊಂಡ ಕಾರಿಗೆ ಇದು ಶೋಭಿಸದು. ಆದರೂ ಎಂಥ ಬ್ರೇಕೂ ಭೌತಶಾಸ್ತ್ರವನ್ನು ಮೀರಲಾರದು. ನೂರರ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 28 ಮೀಟರು ಸಾಗುತ್ತದೆ. ಕಣ್ಣು ಕಂಡು ಕಾಲು ಒತ್ತುವುದರೊಳಗೆ ಆ ಒಂದು ಸೆಕೆಂಡು ಹೋಯಿತು, ಅನಂತರ ನಿಲ್ಲಲು ಸುಮಾರು 45 ಮೀಟರು, ಒಟ್ಟು 73. ಎಪ್ಪತ್ತರ ವೇಗದಲ್ಲಾದರೆ ಎಲ್ಲ ಸೇರಿ ಸುಮಾರು 42. ತಗ್ಗಿಸಿದ ದೀಪದ ಬೆಳಕು ಬೀಳುವುದು ಹೆಚ್ಚೆಂದರೆ ಐವತ್ತು ಅರವತ್ತು ಮೀಟರು. ಹಿಂದೀಪವಿಲ್ಲದೆ ನಿಂತ ಕಬ್ಬಿನ ಟ್ರೇಲರೊಂದು ಆ ಬೆಳಕಿನ ಅಂಚಿನಲ್ಲಿ ಕಾಣಿಸಿಕೊಂಡರೆ ಎಪ್ಪತ್ತರವನು ನಿಲ್ಲುತ್ತಾನೆ, ನೂರರವನು ನಿಲ್ಲುವುದಿಲ್ಲ. ನಾಲ್ಕು ಪಥದ ವಿಭಜಿತ ಹೆದ್ದಾರಿಗೆ ನೂರು, ಇತರ ರಸ್ತೆಗಳಿಗೆ ಎಪ್ಪತ್ತು ಎಂದು 2018ರಲ್ಲಿ ಕೇಂದ್ರ ಸರಕಾರ ಗೊತ್ತುಪಡಿಸಿದ ಮಿತಿಯನ್ನು ಈ ಅಂಕೆಗಳ ಪಕ್ಕದಲ್ಲಿಟ್ಟು ನೋಡಬೇಕು. ಮಗ ಬರುವುದು ಶನಿವಾರ ರಾತ್ರಿ ಎಂಬುದನ್ನು ಮರೆಯುವಂತಿಲ್ಲ. ಜಹೀರಾಬಾದಿನವರೆಗೆ 65ನೆಯ ಹೆದ್ದಾರಿಯಲ್ಲಿ ನೂರಕ್ಕೆ ಪಳಗಿದ ಕಾಲು, ಹೆದ್ದಾರಿ ಬಿಟ್ಟು ತಿರುಗಿದೊಡನೆ ಎಪ್ಪತ್ತನ್ನು ನೆನೆಯುವುದೆ? ಗೇಟಿನ ಸದ್ದಿಗಾಗಿ ಕಾದು ಕುಳಿತ ಅವ್ವ ಕೇಳಬಯಸುವುದು ಇದನ್ನೇ. ಸೊಂಟದ ಮಾತು ಒಂದು ನೆಪ.

ಅಪಘಾತದ ಪರೀಕ್ಷೆಗಳ ಮಾತನ್ನೂ ಹೇಳಿಬಿಡಬೇಕು. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಕಾರುಗಳನ್ನು ತಡೆಗೆ ಗುದ್ದಿಸಿ ನಕ್ಷತ್ರಗಳನ್ನು ಕೊಡುತ್ತದೆ. 2020ರಲ್ಲಿ ಆಲ್ಟ್ರೋಜಿಗೆ ಐದು, 2022ರಲ್ಲಿ ಎರಡು ಗಾಳಿಚೀಲಗಳ ಐ20ಗೆ ಮೂರು ಬಂದವು. ಐದು ನಕ್ಷತ್ರ ಕಂಡು ಹಿಗ್ಗುವವರು ಗಮನಿಸಬೇಕಾದ ಒಂದು ಅಂಶವುಂಟು: ಆ ಗುದ್ದಿನ ವೇಗ ಗಂಟೆಗೆ 64 ಕಿಲೋಮೀಟರು. ನೂರರಲ್ಲಿ ಗುದ್ದಿಸಿ ನಕ್ಷತ್ರ ಕೊಡುವವರಿಲ್ಲ.

ಮಗನ ಚೀಲದಲ್ಲಿ ಕೊನೆಯ ಬಾಣವೊಂದಿದೆ. ಹೈದರಾಬಾದಿನಲ್ಲಿ ಯಾರೋ ಓಡಿಸಿದ ಅಬಾರ್ತ್, ಅರ್ಧ ಬೆಲೆಗೆ! ಬಾಣ ಚೆಂದವಾಗಿದೆ, ತೂಣೀರ ಖಾಲಿ. ಫಿಯೆಟ್ ಕಾರುಗಳ ಮಾರಾಟ ಇಲ್ಲಿ 2019ರಲ್ಲೇ ನಿಂತಿತು. ಬಿಡಿಭಾಗಕ್ಕಾಗಿ ಕಾಯುವುದು ವಾರಗಳ ಲೆಕ್ಕವೋ ತಿಂಗಳ ಲೆಕ್ಕವೋ ಹೇಳಬಲ್ಲವರಾರು? ಹಳೆಯ ಟರ್ಬೊ ಯಂತ್ರ ಕೊಳ್ಳುವವನು ಎಣ್ಣೆ ಬದಲಿಸಿದ ದಾಖಲೆಯನ್ನು ಪುಟ ಪುಟವಾಗಿ ನೋಡಬೇಕು. ಕೆಂಪಗೆ ಕಾದು ತಿರುಗುವ ಆ ಗಾಲಿಗೆ ಎಣ್ಣೆಯೇ ಪ್ರಾಣ. ಜೊತೆಗೆ ನೆರೆರಾಜ್ಯದ ನೋಂದಣಿಯ ಗಾಡಿಯನ್ನು ತಂದು ಬೀದರದಲ್ಲಿ ನೆಲೆಗೊಳಿಸಿದರೆ ಇಲ್ಲಿಯ ರಸ್ತೆ ತೆರಿಗೆ ಬಾಗಿಲು ತಟ್ಟುತ್ತದೆ. ಕರ್ನಾಟಕದ ದರ ದೇಶದ ಹೆಚ್ಚಿನ ದರಗಳಲ್ಲೊಂದು.

ಇಷ್ಟೆಲ್ಲ ಲೆಕ್ಕವಾದ ಮೇಲೂ ಮನೆಯಲ್ಲಿ ತೀರ್ಮಾನವಾಗುವುದು ಬೇರೆ ರೀತಿಯಲ್ಲಿಯೇ. ಆದಿತ್ಯವಾರ ಬೆಳಿಗ್ಗೆ ಮೂವರೂ ಮಳಿಗೆಗೆ ಹೋಗುತ್ತಾರೆ. ಮಾರುವ ತರುಣ ನಯವಾದ ವರ್ತುಲ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಲು ಬೀಗದ ಕೈ ತರುತ್ತಾನೆ. ಮಗ ಚಾಲಕನ ಪೀಠದಲ್ಲಿ, ಶಿಕ್ಷಕರು ಅವನ ಪಕ್ಕದಲ್ಲಿ. ಅವ್ವ ಹಿಂದೆ ಕುಳಿತು ಸೆರಗು ಸರಿಪಡಿಸಿಕೊಂಡು, ಮಾರುವವನಿಗೆ ಹೇಳುತ್ತಾಳೆ:

“ಇಲ್ಲಿ ಬ್ಯಾಡ ತಮ್ಮಾ. ಭಾಲ್ಕಿ ರೋಡಿಗಿ ನಡೀರಿ.”