ವಿಮಾನ ಹಾರಿಸಿಕೊಂಡು ಬಂದ ಹಾಡುಗಾರ!

ಔರಾದ್‌ನಿಂದ ಮೂವರು ಮಿತ್ರರು ಸೇರಿ ಪತ್ರ ಬರೆದಿದ್ದಾರೆ. ಪತ್ರ ಅಂದರೆ ಪತ್ರವಲ್ಲ ಸ್ವಾಮಿ, ಪಂಚಾಯ್ತಿ! ಇಬ್ಬರದು ಒಂದು ಪಾರ್ಟಿ, ಒಬ್ಬನದು ಇನ್ನೊಂದು. ಇಬ್ಬರ ವಾದ ಹೀಗಿದೆ: “ಸ್ಟುಡಿಯೋದಾಗ ನೀಟಾಗಿ ಹಾಡಿದ್ದು ಇರಬೇಕಾದ್ರ, ಗದ್ಲದಾಗ ರೆಕಾರ್ಡ್ ಮಾಡಿದ ಲೈವ್ ಆಲ್ಬಂ ಯಾಕ್ ಕೇಳಬೇಕ್ರಿ? ಅದೂ ಇಂಗ್ಲಿಷ್ ರಾಕ್. ಒಂದಕ್ಷರ ತಿಳಿಯಲ್ಲ.” ಒಂಟಿ ಪಾರ್ಟಿಯವನದು ಒಂದೇ ಸಾಲು: “ಇವರಿಗಿ ಐರನ್ ಮೇಡನ್ ಏನಂತ ನೀವೇ ಹೇಳ್ರಿ.”

ಹೇಳೋಣ. ಈ ಒಂಟಿ ಹುಡುಗನ ಮೇಲೆ ನನಗೆ ಮೊದಲೇ ಪ್ರೀತಿ. ಔರಾದ್ ಬಸ್‌ಸ್ಟ್ಯಾಂಡಿನಲ್ಲಿ ಕರಿ ಟೀ ಶರ್ಟು ಹಾಕಿಕೊಂಡು, ಅದರ ಮೇಲೆ ಎಡ್ಡಿ ಎಂಬ ಅಸ್ಥಿಪಂಜರದ ಚಿತ್ರ ಹೊತ್ತುಕೊಂಡು, ಅಮರೇಶ್ವರ ಜಾತ್ರೆಯಲ್ಲೂ ಹಾಗೇ ತಿರುಗಾಡಬೇಕೆಂದರೆ ಗುಂಡಿಗೆ ಬೇಕು. ಮನೆಯಲ್ಲಿ ಅವ್ವ ಏನಂತಾಳೋ ಅದು ಬೇರೆ!

ಇದು ಸಿನಿಮಾ ಪತ್ರಿಕೆ ತಾನೆ, ಇಲ್ಲಿ ರಾಕ್ ಯಾಕೆ ಅಂತೀರಾ? ನಾನು ಹೇಳಹೊರಟದ್ದು ಸಿನಿಮಾದ ಕತೆಯೇ. ಚಿತ್ರದ ಹೆಸರು ‘ಫ್ಲೈಟ್ 666’. ಸ್ಯಾಮ್ ಡನ್, ಸ್ಕಾಟ್ ಮ್ಯಾಕ್‌ಫೇಡನ್ ಎಂಬ ಇಬ್ಬರು ಕೆನಡಾದವರು ನಿರ್ದೇಶಿಸಿದ್ದು. 2009ರ ಏಪ್ರಿಲ್‌ನಲ್ಲಿ ಥಿಯೇಟರಿಗೆ ಬಂತು. ಅದೇ ವರ್ಷ ಅದರ ಹಾಡುಗಳು ಲೈವ್ ಆಲ್ಬಂ ಆಗಿ ಬಂದವು. ನಮ್ಮ ಸಿನಿಮಾದಲ್ಲಿ ಹೀರೋ ವಿಮಾನದ ಬಾಗಿಲಲ್ಲಿ ನಿಂತು ಕೈ ಬೀಸುತ್ತಾನೆ, ಸ್ಲೋ ಮೋಷನ್‌ನಲ್ಲಿ ಮೆಟ್ಟಿಲಿಳಿಯುತ್ತಾನೆ, ಹಿಂದೆ ಶಿಳ್ಳೆಯೋ ಶಿಳ್ಳೆ. ಇಲ್ಲಿ ಹೀರೋ ಇಳಿಯುವುದು ಕಾಕ್‌ಪಿಟ್‌ನಿಂದ! ಗಾಯಕ ಬ್ರೂಸ್ ಡಿಕಿನ್ಸನ್ ಲೈಸೆನ್ಸು ಇರುವ ಪೈಲಟ್. ಪ್ರಯಾಣಿಕರ ವಿಮಾನ ಹಾರಿಸಿ ಸಂಬಳ ಎಣಿಸಿದವ. ಬೋಯಿಂಗ್ 757 ಒಂದನ್ನು ಪಡೆದು, ಅರ್ಧ ಸೀಟು ಕಿತ್ತು, ಆ ಜಾಗದಲ್ಲಿ ಟನ್‌ಗಟ್ಟಲೆ ಡ್ರಮ್ಮು, ಗಿಟಾರು, ಸ್ಟೇಜಿನ ಸಾಮಾನು ತುಂಬಿದರು. ಉಳಿದ ಸೀಟಿನಲ್ಲಿ ತಂಡ, ಕೆಲಸಗಾರರು. ವಿಮಾನಕ್ಕೆ ಇಟ್ಟ ಹೆಸರು ‘ಎಡ್ ಫೋರ್ಸ್ ಒನ್’. ಅಮೆರಿಕದ ಅಧ್ಯಕ್ಷರ ವಿಮಾನಕ್ಕೆ ಅಣಕು! 45 ದಿನ, 23 ಶೋ, ಹತ್ತಿರ ಹತ್ತಿರ 50 ಸಾವಿರ ಮೈಲಿ. ಹಗಲು ಹಾರಿಸುವುದು, ರಾತ್ರಿ ಹಾಡುವುದು.

ಈ ದಂಡಯಾತ್ರೆಯ ಮೊದಲ ಶೋ ಎಲ್ಲಿ ಗೊತ್ತೇನು? ಲಂಡನ್ ಅಲ್ಲ, ನ್ಯೂಯಾರ್ಕ್ ಅಲ್ಲ. ನಮ್ಮ ಮುಂಬಯಿ. 2008ರ ಫೆಬ್ರವರಿ 1, ಬಾಂದ್ರಾ-ಕುರ್ಲಾ ಮೈದಾನ. ಆಲ್ಬಂನ ಮೊದಲ ಹಾಡು ‘ಏಸಸ್ ಹೈ’ ಆ ರಾತ್ರಿ ಅಲ್ಲೇ ರೆಕಾರ್ಡ್ ಆದದ್ದು. ಇಡೀ ಜಗತ್ತು ಈ ಆಲ್ಬಂ ಹಾಕಿದರೆ ಮೊದಲು ಕಿವಿಗೆ ಬೀಳುವ ಜನಸಾಗರದ ಕೂಗು ನಮ್ಮ ಹುಡುಗರದು.

ಆ ಹಾಡಿನ ವಸ್ತು ಏನು? 1940ರಲ್ಲಿ ಜರ್ಮನ್ ವಿಮಾನಗಳು ಇಂಗ್ಲೆಂಡಿನ ಮೇಲೆ ಎರಗಿದಾಗ ಸ್ಪಿಟ್‌ಫೈರ್ ಏರಿ ಎದುರಿಸಿದ ಹುಡುಗ ಪೈಲಟ್‌ಗಳ ಕತೆ. ಸೈರನ್ ಕೂಗುತ್ತದೆ, ಓಡು, ಎಂಜಿನ್ ಚಾಲೂ ಮಾಡು, ಮೇಲೇರು. ನಾಲ್ಕೂವರೆ ನಿಮಿಷದಲ್ಲಿ ಒಂದು ಇಡೀ ಫೈಟಿಂಗ್ ಸೀನು. ಬೀದರಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? 1963ರಿಂದ ವಾಯುಪಡೆಯ ಹುಡುಗರು ಹಾರಲು ಕಲಿಯುತ್ತಿರುವ ಊರು ನಮ್ಮದು. ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದು ಇಲ್ಲೇ. ಒಂಬತ್ತು ವಿಮಾನ ರೆಕ್ಕೆಗೆ ರೆಕ್ಕೆ ತಾಗುವಂತೆ ಹೋಗುವುದನ್ನು ನೋಡಲು ಬೇರೆ ಊರಿನವರು ಟಿಕೆಟ್ ತಗೊಂಡು ಹೋಗುತ್ತಾರೆ. ನಾವು ಮಾಳಿಗೆ ಮೇಲೆ ಹಪ್ಪಳ ಒಣಹಾಕುತ್ತಾ ನೋಡಿದ್ದೇವೆ! ಇನ್ನೊಂದು ತಮಾಷೆ ಕೇಳಿ. ಇಂಗ್ಲೆಂಡಿನ ಪೈಲಟ್‌ಗಳ ಈ ಹಾಡು ಮುಂಬಯಿಯಲ್ಲಿ ಮೊಳಗಿದ ಅದೇ ತಿಂಗಳು, 2008ರ ಫೆಬ್ರವರಿ 23ರಂದು, ಇಂಗ್ಲೆಂಡಿನ ವಿನ್ಯಾಸದ ಹಾಕ್ ತರಬೇತಿ ವಿಮಾನ ಬೀದರಿನಲ್ಲಿ ವಾಯುಪಡೆ ಸೇರಿತು. ಯಾರೂ ಜೋಡಿಸಿದ್ದಲ್ಲ, ತಾನಾಗೇ ಕೂಡಿಬಂದದ್ದು.

ಭಾಲ್ಕಿಯಲ್ಲಿ ನನಗೊಬ್ಬ ಗೆಳೆಯ ಇದ್ದಾನೆ. ಹೆಸರು ಬೇಡ, ಅವನಿಗೆ ಸೇರುವುದಿಲ್ಲ. ಹೊಲದಲ್ಲಿ ತೊಗರಿ ಕೊಯ್ಯುವಾಗ ತಲೆಯ ಮೇಲೆ ವಿಮಾನ ಹೋದರೆ ಕುಡುಗೋಲು ಕೆಳಗಿಟ್ಟು ನಿಲ್ಲುತ್ತಿದ್ದವ. ಪೈಲಟ್ ಆಗಬೇಕು ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಓದಿದ, ಓಡಿದ, ಎದೆ ಉಬ್ಬಿಸಿದ. ಕಣ್ಣಿನ ಪರೀಕ್ಷೆಯಲ್ಲಿ ದೂರದ ಅಕ್ಷರ ಮಸುಕಾಯಿತು. ಅಷ್ಟೇ, ಮುಗೀತು. ಯಾರ ತಪ್ಪೂ ಅಲ್ಲ. ಈಗ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ. ದಪ್ಪ ಕನ್ನಡಕ. ಅವನಿಗೆ ಈ ಹಾಡು ಎಲ್ಲಿಂದ ಸಿಕ್ಕಿತೋ, ರಿಪೇರಿಗೆ ಬಂದ ಯಾವುದೋ ಫೋನಿನಲ್ಲಿ ಇತ್ತಂತೆ. ಒಂದು ಸಲ ಅವನ ಜೊತೆ ಭಾಲ್ಕಿಯಿಂದ ಬೀದರಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಇಯರ್‌ಫೋನಿನ ಒಂದು ಕಡ್ಡಿ ನನ್ನ ಕಿವಿಗಿಟ್ಟ. ಹಾಡು ಮುಗಿಯುವ ತನಕ ಕಣ್ಣು ಮುಚ್ಚಿ ಕೂತಿದ್ದ. ಆಮೇಲೆ ಅಂದ: “ನಾಲ್ಕೂವರೆ ನಿಮಿಷ ನಾ ಮ್ಯಾಲೆ ಇರ್ತೀನಿ ನೋಡು. ಕಣ್ಣಿನ ಪರೀಕ್ಷೆ ಇಲ್ಲ, ಏನಿಲ್ಲ.” ನಾನು ಏನೂ ಹೇಳಲಿಲ್ಲ. ಕಂಡಕ್ಟರ್ ಚಿಲ್ಲರೆ ಕೇಳಿದ.

ನಾನು ಕೇಳಿದೆ, ಸ್ಟುಡಿಯೋದ ಹಾಡು ಇನ್ನೂ ಸ್ಪಷ್ಟ ಇದೆಯಲ್ಲೋ, ಅದನ್ನು ಯಾಕೆ ಕೇಳಲ್ಲ? ಅವನ ಉತ್ತರ ಔರಾದ್‌ನ ಇಬ್ಬರ ಪಾರ್ಟಿಗೂ ಆಯಿತು: “ಅದ್ರಾಗ ಅವ ಒಬ್ಬನೇ ಹಾರ್ತಾನ. ಇದ್ರಾಗ ಎಲ್ರೂ ಅದಾರ.”

ಮಾತು ನಿಜ. ಹಾಡು ಮೊದಲು ಬಂದದ್ದು 1984ರ ‘ಪವರ್‌ಸ್ಲೇವ್’ ಆಲ್ಬಂನಲ್ಲಿ. ಆಗ ಡಿಕಿನ್ಸನ್‌ಗೆ 26. ಮುಂಬಯಿಯಲ್ಲಿ ಹಾಡಿದಾಗ 49. ಇದು ಏರುದನಿಯ ಹಾಡು, ಅದೂ ಗಂಟಲು ಇನ್ನೂ ಕಾಯದಿರುವಾಗ ಮೊದಲ ಹಾಡು! ಸ್ಟುಡಿಯೋದಲ್ಲಾದರೆ ದನಿ ತಪ್ಪಿದರೆ ಮತ್ತೊಂದು ಟೇಕು. ಮೈದಾನದಲ್ಲಿ ಮುಂದೆ ಸಾವಿರಾರು ಜನ. ಕೆಲವು ಕಡೆ ಉಸಿರು ಎಳೆಯುವುದು ಕೇಳಿಸುತ್ತದೆ. ನನಗೆ ಅದೇ ಇಷ್ಟ. ಹೀರೋ ಡ್ಯೂಪ್ ಇಲ್ಲದೆ ಹಾರಿದ್ದಾನೆ ಅಂತ ಗೊತ್ತಾದರೆ ನಾವು ಎರಡು ಸಲ ನೋಡುವುದಿಲ್ಲವೇ? ಹಾಗೆ.

ಒಂದು ಕಡೆ ಮಾತ್ರ ನನಗೆ ಕಸಿವಿಸಿ. ಹಾಡಿಗೆ ಮೊದಲು ಚರ್ಚಿಲ್‌ನ 1940ರ ಭಾಷಣದ ತುಣುಕು ಬರುತ್ತದೆ. ಆ ದನಿಗೆ ಮುಂಬಯಿಯ ಹುಡುಗರು ಹಾಕುವ ಕೇಕೆ! ನಮಗೆ ಸ್ವಾತಂತ್ರ್ಯ ಕೊಡಬಾರದು ಅಂತ ಹಟ ಹಿಡಿದಿದ್ದ ಮನುಷ್ಯ, 1943ರಲ್ಲಿ ಬಂಗಾಳ ಹಸಿದು ಸಾಯುವಾಗ ಗದ್ದುಗೆಯಲ್ಲಿ ಕೂತಿದ್ದವ. ಹುಡುಗರು ಕೇಕೆ ಹಾಕಿದ್ದು ಅವನಿಗಲ್ಲ, ಅವನ ಹಿಂದೆ ಬರುವ ಗಿಟಾರಿಗೆ ಅಂತ ಗೊತ್ತು. ಗೊತ್ತಿದ್ದರೂ ನಾನು ಆ ತುಣುಕನ್ನು ಓಡಿಸಿಬಿಡುತ್ತೇನೆ.

ಇನ್ನು ಕೆಲವು ಪಂಡಿತರು ಮೂಗು ಮುರಿಯುತ್ತಾರೆ: ಐರನ್ ಮೇಡನ್ ಅಂದರೆ ಹೆವಿ ಮೆಟಲ್, ಬರೀ ಗದ್ದಲ, ಪ್ರೋಗ್ರೆಸಿವ್ ರಾಕ್ ಅನ್ನುವುದು ಬೇರೆ, ಅದು ತಲೆ ಇದ್ದವರ ಸಂಗೀತ ಅಂತ. ನಿಜಾಮನ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಏನು ಮಾಡಿದರು? ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡದ ಪಾಠ! ಈ ತಂಡವೂ ಹಾಗೇ. ಹೊರಗೆ ಮೆಟಲ್ ಬೋರ್ಡು, ಒಳಗೆ ನಡೆಯುವ ಪಾಠ ಪ್ರೋಗ್ರೆಸಿವ್. 1975ರ ಕ್ರಿಸ್‌ಮಸ್ ದಿನ ತಂಡ ಕಟ್ಟಿದ ಸ್ಟೀವ್ ಹ್ಯಾರಿಸ್ ಜೆಥ್ರೋ ಟಲ್, ಜೆನೆಸಿಸ್, ಯೆಸ್ ತಂಡಗಳನ್ನು ಕೇಳಿ ಬೆಳೆದವ. ಜೆಥ್ರೋ ಟಲ್‌ನ ಹಾಡೊಂದನ್ನು 1983ರಲ್ಲಿ ತಾವೇ ಹಾಡಿ ರೆಕಾರ್ಡಿನ ಹಿಂಬದಿಗೆ ಹಾಕಿದ್ದರು.

ಸಾಕ್ಷಿ ಈ ಆಲ್ಬಂನಲ್ಲೇ ಇದೆ. ನ್ಯೂಜೆರ್ಸಿಯಲ್ಲಿ ರೆಕಾರ್ಡ್ ಆದ ‘ರೈಮ್ ಆಫ್ ದಿ ಏನ್ಷಿಯಂಟ್ ಮ್ಯಾರಿನರ್’. ಹದಿಮೂರು ನಿಮಿಷಕ್ಕೂ ಮೇಲೆ! ಕೋಲ್‌ರಿಜ್ ಎಂಬ ಇಂಗ್ಲಿಷ್ ಕವಿ 1798ರಲ್ಲಿ ಪ್ರಕಟಿಸಿದ ಕತೆ-ಪದ್ಯ. ಮುದುಕ ನಾವಿಕನೊಬ್ಬ ಕಾರಣವಿಲ್ಲದೆ ಒಂದು ಹಕ್ಕಿಯನ್ನು ಕೊಲ್ಲುತ್ತಾನೆ. ಶಾಪ ತಗಲುತ್ತದೆ. ಗಾಳಿ ನಿಲ್ಲುತ್ತದೆ. ಸುತ್ತ ನೀರು, ಕುಡಿಯಲು ಹನಿ ಇಲ್ಲ. ಜೊತೆಗಾರರೆಲ್ಲ ಬಿದ್ದು ಸಾಯುತ್ತಾರೆ. ಹಾಡು ಮೊದಲು ಓಡುತ್ತದೆ, ನಡುವೆ ಗಕ್ಕನೆ ನಿಂತುಬಿಡುತ್ತದೆ. ಬರೀ ಹಡಗಿನ ಮರ ಕಿರ್ರೆನ್ನುವ ಸದ್ದು, ಬಾಸ್ ಗಿಟಾರಿನ ಒಂದೊಂದೇ ಹನಿ. ಆಮೇಲೆ ಮೆಲ್ಲಗೆ ಮತ್ತೆ ಏರುತ್ತದೆ. ಇಂಟರ್‌ವಲ್ ಇರುವ ಹಾಡು ಸ್ವಾಮಿ! ಒಂದು ಪಲ್ಲವಿ ಎರಡು ಚರಣ ಅಂತ ಅಳತೆ ಹಿಡಿಯದೆ, ಕತೆ ಎಷ್ಟು ಉದ್ದವೋ ಹಾಡು ಅಷ್ಟು ಉದ್ದ. ಪ್ರೋಗ್ರೆಸಿವ್ ಅಂದರೆ ನನ್ನ ಲೆಕ್ಕದಲ್ಲಿ ಇಷ್ಟೇ. ರಾತ್ರಿಯಿಡೀ ಬಯಲಾಟ ನೋಡಿದವರ ಮೊಮ್ಮಕ್ಕಳು ನಾವು, ಹದಿಮೂರು ನಿಮಿಷಕ್ಕೆ ಹೆದರುವುದೇ?

ಆದರೆ ಒಂದು ತಕರಾರು ನನಗೂ ಇದೆ. ಈ ಆಲ್ಬಂನಲ್ಲಿ ಹದಿನಾರು ಹಾಡು, ಹದಿನಾರು ಊರು. ಮುಂಬಯಿಯಲ್ಲಿ ಶುರು, ಮೆಲ್ಬರ್ನ್, ಸಿಡ್ನಿ, ಟೋಕಿಯೋ ಅಂತ ಹಾರಿ ಹಾರಿ ಕೊನೆಗೆ ಟೊರಾಂಟೊ. ಇದು ಒಂದು ರಾತ್ರಿಯ ಕಛೇರಿ ಅಲ್ಲ, ಹೊಲಿದ ಕೌದಿ. 1985ರ ಇವರದೇ ‘ಲೈವ್ ಆಫ್ಟರ್ ಡೆತ್’ ಬಹುಪಾಲು ಒಂದೇ ಸಭಾಂಗಣದ್ದು, ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್. ಅದರಲ್ಲಿ ತಂಡ ದಣಿಯುವುದು, ಬಿಸಿಯೇರುವುದು, ಜನರ ಕಾವು ಹತ್ತುವುದು ಒಂದೇ ಹರಿವಿನಲ್ಲಿ ಸಿಗುತ್ತದೆ. ಬರೀ ಸಂಗೀತದ ಲೆಕ್ಕ ಹಾಕಿದರೆ ನನ್ನ ಓಟು 1985ಕ್ಕೇ. ಕೌದಿಯಲ್ಲಿ ಆ ಕಾವು ಪ್ರತಿ ಹಾಡಿಗೂ ಕಡಿದುಹೋಗುತ್ತದೆ.

ಆದರೆ ಕೌದಿಗೆ ಅದರದೇ ಬಣ್ಣ. ಊರೂರಿನ ಜನರ ಕೂಗು ಬೇರೆ ಬೇರೆ. ಬ್ಯೂನಸ್ ಐರಿಸ್‌ನಲ್ಲಿ ‘ಫಿಯರ್ ಆಫ್ ದಿ ಡಾರ್ಕ್’ ಕೇಳಿ. ಜನ ಪದ ಹಾಡುತ್ತಿಲ್ಲ, ಗಿಟಾರಿನ ರಾಗವನ್ನೇ ಬಾಯಲ್ಲಿ ಹಾಡುತ್ತಿದ್ದಾರೆ, ಓ ಓ ಓ ಅಂತ. ಅವರದು ಸ್ಪ್ಯಾನಿಷ್ ನಾಡು. ಇಂಗ್ಲಿಷ್ ಎಷ್ಟು ಮಂದಿಗೆ ಬರುತ್ತೋ ಯಾರಿಗೆ ಗೊತ್ತು. ಮನೆಯಲ್ಲೊಂದು, ಪೇಟೆಯಲ್ಲೊಂದು ಭಾಷೆ ಆಡುವ ಬೀದರಿನ ಹುಡುಗರು ‘ಅಕ್ಷರ ತಿಳಿಯಲ್ಲ’ ಅಂತ ನೆಪ ಹೇಳುವುದು ಚೆನ್ನಲ್ಲ ಮಿತ್ರರೇ. ಉರ್ದು ಕವ್ವಾಲಿಗೆ, ಮರಾಠಿ ಅಭಂಗಕ್ಕೆ ತಲೆದೂಗುವಾಗ ನಿಘಂಟು ಹಿಡಿದು ಕೂತಿದ್ದಿರಾ?

ಸಿನಿಮಾದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ದೃಶ್ಯ ವಿಮಾನದ್ದಲ್ಲ. ಕೊಲಂಬಿಯಾದ ಬೊಗೋಟಾ. ಶೋ ಮುಗಿದಿದೆ. ಡ್ರಮ್ಮರ್ ನಿಕೊ ಮ್ಯಾಕ್‌ಬ್ರೇನ್ ಎಸೆದ ಡ್ರಮ್ಮಿನ ಕೋಲು ಒಬ್ಬ ಅಭಿಮಾನಿಯ ಕೈಗೆ ಸಿಕ್ಕಿದೆ. ಅವ ಅದನ್ನು ಎದೆಗೆ ಅವುಚಿಕೊಂಡು ಅಳುತ್ತಿದ್ದಾನೆ. ಮಾತಿಲ್ಲ. ಕ್ಯಾಮೆರಾ ಅವನ ಮೇಲೇ ನಿಲ್ಲುತ್ತದೆ. ಫಸ್ಟ್ ಡೇ ಫಸ್ಟ್ ಶೋಗೆ ಹಾರ ಹೊತ್ತು ಹೋದವರಿಗೆ ಈ ಅಳು ಗೊತ್ತು. ನಗುವವರು ನಗಲಿ.

ಬೆಂಗಳೂರಿನ ಮಾತು ಬಿಟ್ಟರೆ ಅಲ್ಲಿನ ಓದುಗರು ಬೈಯುತ್ತಾರೆ. ಐರನ್ ಮೇಡನ್ ಭಾರತದಲ್ಲಿ ಮೊದಲು ಹಾಡಿದ್ದು ಅಲ್ಲೇ, 2007ರ ಮಾರ್ಚ್ 17ರಂದು, ಅರಮನೆ ಮೈದಾನದಲ್ಲಿ. ಎರಡು ವರ್ಷ ಮೊದಲು, 2005ರಲ್ಲಿ, ಸಿ. ಅಶ್ವತ್ಥ್ ‘ಕನ್ನಡವೇ ಸತ್ಯ’ ಅಂತ ಜನಸಾಗರವನ್ನು ಕೂಡಿಸಿ ಹಾಡಿದ್ದೂ ಅದೇ ಮೈದಾನ. ಕನ್ನಡದಲ್ಲಿ ಲೈವ್ ಅಂದರೆ ಏನಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ಆ ರಾತ್ರಿಯನ್ನೇ. 2009ರ ಫೆಬ್ರವರಿಯಲ್ಲಿ ಮೇಡನ್ ಮತ್ತೆ ಬೆಂಗಳೂರಿಗೆ ಬಂತು. ಬೀದರಿನಿಂದ ಬೆಂಗಳೂರು ಸುಮಾರು 700 ಕಿಲೋಮೀಟರ್. ಟಿಕೆಟ್ಟು, ಬಸ್ ಚಾರ್ಜು, ಎರಡು ದಿನದ ಕೂಲಿ ಖೋತಾ. ಎಷ್ಟು ಜನ ಹೋಗುವುದಕ್ಕಾಗುತ್ತೆ? ಹೋಗಲಾಗದವನ ಕುರ್ಚಿ ಈ ಲೈವ್ ಆಲ್ಬಂ. ಬೆಂಗಳೂರಿನ ರಾತ್ರಿಗಳು ಇದರಲ್ಲಿಲ್ಲ ಅನ್ನುವುದು ಮಾತ್ರ ಹೊಟ್ಟೆಯುರಿ.

ಔರಾದ್‌ನ ಇಬ್ಬರ ಪಾರ್ಟಿಗೆ ಒಂದು ದಾರಿ ಹೇಳುತ್ತೇನೆ. ಮೊದಲಿಗೇ ಹದಿನಾರೂ ಹಾಡು ಕೇಳಿ ತಲೆನೋವು ಮಾಡಿಕೊಳ್ಳಬೇಡಿ. ಬ್ಯೂನಸ್ ಐರಿಸ್‌ನ ಹಾಡು ಮೊದಲು, ಆಮೇಲೆ ಮುಂಬಯಿ, ನ್ಯೂಜೆರ್ಸಿಯ ಉದ್ದದ್ದು ರಾತ್ರಿ ದೀಪ ಆರಿಸಿ. ಡ್ರಮ್ಮಿನ ಕಡೆ ಕಿವಿ ಇರಲಿ. ನಿಕೊ 2024ರ ಡಿಸೆಂಬರ್‌ನಲ್ಲಿ ಪ್ರವಾಸಕ್ಕೆ ನಮಸ್ಕಾರ ಹೇಳಿದ, ಇನ್ನು ಆ ಪೆಟ್ಟು ಸಿಗುವುದು ರೆಕಾರ್ಡಿನಲ್ಲೇ. ಒಂಟಿ ಪಾರ್ಟಿಯ ಹುಡುಗನಿಗೆ: ಭಾಲ್ಕಿ ಬಸ್‌ಸ್ಟ್ಯಾಂಡಿನ ಹತ್ತಿರ ದಪ್ಪ ಕನ್ನಡಕದ ಮೊಬೈಲ್ ರಿಪೇರಿಯವನೊಬ್ಬ ಇದ್ದಾನೆ. ನಿನ್ನ ಟೀ ಶರ್ಟು ನೋಡಿದರೆ ಚಹಾ ಕುಡಿಸದೆ ಕಳಿಸುವುದಿಲ್ಲ.